ಹಿಟ್ಟು ತಿಗಣೆಯ ವೇಷ ತೊಟ್ಟ ಗುಲಗಂಜಿ ಹುಳು: ಕ್ರಿಪ್ಟೋಲೀಮಸ್ ಬಿಡುವ ಮುನ್ನ ತಿಳಿದಿರಬೇಕಾದ್ದು

ಸೀಬೆ ಗಿಡದ ಕೊಂಬೆಯ ಸಂದಿಯಲ್ಲಿ ಹಿಟ್ಟು ತಿಗಣೆ, ಅಂದರೆ ಮೈಗೆ ಬಿಳಿ ಮೇಣ ಮೆತ್ತಿಕೊಂಡು ಗಿಡದ ರಸ ಹೀರುವ ಕೀಟ, ಕಟ್ಟಿದೆ ಅಂದುಕೊಳ್ಳಿ. ಆ ಬಿಳಿ ಗುಂಪಿನ ನಡುವೆ, ಮೈತುಂಬ ಜಡೆಜಡೆಯಾಗಿ ಮೇಣದ ಎಳೆ ಇಳಿಬಿಟ್ಟುಕೊಂಡ, ಉಳಿದವುಗಳ ಮೂರು ಪಟ್ಟು ಉದ್ದದ ಹುಳುವೊಂದು ಕಂಡರೆ ಕೈ ಮೊದಲು ಹೋಗುವುದು ಅದರ ಮೇಲೆಯೇ. ‘ಇದೇ ತಾಯಿ ತಿಗಣೆ’ ಎಂದು ಹಿಸುಕಿಬಿಡುತ್ತಾರೆ. ಇಲ್ಲವೇ, ತಿಗಣೆ ಇಷ್ಟು ದಪ್ಪ ಆಯಿತಲ್ಲ ಎಂದು ಗಾಬರಿಯಾಗಿ ಔಷಧಿ ಟ್ಯಾಂಕು ಬೆನ್ನಿಗೇರಿಸುತ್ತಾರೆ. ಸಾಯುವುದು ತಿಗಣೆ ತಿನ್ನಲು ಬಂದ ಹುಳು. ಕ್ರಿಪ್ಟೋಲೀಮಸ್ ಮೌಂಟ್ರೂಜಿಯರಿ ಎಂಬ ಗುಲಗಂಜಿ ಹುಳುವಿನ ಮರಿ ಅದು. ತೋಟದವರ ಬಾಯಲ್ಲಿ ಆಸ್ಟ್ರೇಲಿಯನ್ ದುಂಬಿ, ಅಥವಾ ಬರೀ ಕ್ರಿಪ್ಟೋ.

ಈ ದುಂಬಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎನ್ನುವುದೆಲ್ಲ ಆ ಬಿಳಿ ಮೇಣದ ಸುತ್ತಲೇ ಇದೆ. ಹೆಣ್ಣು ಮೊಟ್ಟೆ ಇಡಲು ಮೇಣದ ಗುಂಪು ಬೇಕು. ಮರಿ ಬದುಕುವುದು ಮೇಣ ಹೊದ್ದುಕೊಂಡು. ತೋಟದಲ್ಲಿ ಆ ಗುಂಪುಗಳು ಕರಗಿದವೋ, ದುಂಬಿ ಹಾರಿಹೋಯಿತೆಂದೇ ಲೆಕ್ಕ. ಹಣ ಕೊಟ್ಟು ದುಂಬಿ ತಂದು ಬಿಟ್ಟು ‘ಏನೂ ಉಪಯೋಗ ಆಗಲಿಲ್ಲ’ ಎನ್ನುವವರ ತೋಟದಲ್ಲಿ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ತಪ್ಪಿರುತ್ತದೆ.

ಗುರುತು ಹಿಡಿಯುವುದು

ಬೆಳೆದ ದುಂಬಿ ಸುಮಾರು 4 ಮಿ.ಮೀ. ಮೇಲ್ರೆಕ್ಕೆ ಕಪ್ಪೆನ್ನುವಷ್ಟು ಕಡುಗಂದು. ತಲೆ, ಕತ್ತಿನ ಪಟ್ಟಿ ಮತ್ತು ರೆಕ್ಕೆಯ ಹಿಂತುದಿ ಕಿತ್ತಳೆ. ಮೈಮೇಲೆ ಚುಕ್ಕೆ ಇಲ್ಲ, ಹೊಳಪೂ ಕಡಿಮೆ, ಹತ್ತಿರದಿಂದ ನೋಡಿದರೆ ಸಣ್ಣ ರೋಮವಿದೆ. ಗುಲಗಂಜಿ ಹುಳು ಅಂದರೆ ಕೆಂಪು ಮೈಗೆ ಕಪ್ಪು ಚುಕ್ಕೆ ಎಂದುಕೊಂಡವರು ಇದನ್ನು ಗುರುತಿಸುವುದೇ ಇಲ್ಲ. ಗಂಡು ಹೆಣ್ಣು ತಿಳಿಯಲು ಮುಂಗಾಲು ನೋಡಬೇಕು: ಗಂಡಿನ ಮುಂಗಾಲು ಹಳದಿ ಮಿಶ್ರಿತ ಕಂದು, ಹೆಣ್ಣಿನದು ಕಪ್ಪು. ಹತ್ತು ಪಟ್ಟಿನ ಕೈಮಸೂರ ಇದ್ದರೆ ಸಾಕು, ದುಂಬಿಯನ್ನು ಕೊಲ್ಲದೆಯೇ ಬೇರೆ ಮಾಡಬಹುದು. ಸಾಕಾಣಿಕೆ ಮಾಡುವವರಿಗೆ ಇದು ಬಹಳ ಅನುಕೂಲ.

ಮೊಟ್ಟೆ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಸಸ್ಯಹೇನು ತಿನ್ನುವ ಗುಲಗಂಜಿ ಹುಳುಗಳು ಎಲೆಯಡಿ ಹಳದಿ ಮೊಟ್ಟೆಗಳನ್ನು ಗುಂಪಾಗಿ ನಿಲ್ಲಿಸಿಟ್ಟಿರುತ್ತವೆ, ಕಣ್ಣಿಗೆ ಬೀಳುತ್ತವೆ. ಕ್ರಿಪ್ಟೋ ಮಾತ್ರ ತಿಗಣೆಯ ಹತ್ತಿಯಂಥ ಮೊಟ್ಟೆ ಚೀಲದೊಳಗೇ ತನ್ನ ಮೊಟ್ಟೆಯನ್ನು ತೂರಿಸುತ್ತದೆ. ಒಡೆದು ಬಂದ ಮರಿಗೆ ಸುತ್ತಲೂ ಊಟವೇ.

ಮರಿಗೂ ತಿಗಣೆಗೂ ವ್ಯತ್ಯಾಸ ತಿಳಿಯಲು ಒಂದು ಹುಲ್ಲುಕಡ್ಡಿ ಸಾಕು. ಮೆಲ್ಲಗೆ ತಿವಿಯಿರಿ. ತಿಗಣೆ ಕದಲುವುದಿಲ್ಲ, ಕದಲಿದರೂ ತೆವಳಿದಂತೆ. ಅದರ ಸೊಂಡಿಲು ಗಿಡದೊಳಗೆ ಚುಚ್ಚಿಕೊಂಡಿರುತ್ತದೆ. ಕ್ರಿಪ್ಟೋ ಮರಿ ಚುರುಕಾಗಿ ನಡೆದು ಜಾಗ ಬದಲಿಸುತ್ತದೆ. ಮಗುಚಿ ಹಾಕಿದರೆ ಆರು ಉದ್ದ ಕಾಲು ಸ್ಪಷ್ಟವಾಗಿ ಕಾಣುತ್ತದೆ. ಪೂರ್ತಿ ಬೆಳೆದ ಮರಿ 13 ಮಿ.ಮೀ. ತನಕ ಇರುತ್ತದೆ, ಹಿಟ್ಟು ತಿಗಣೆ ಅಷ್ಟು ದೊಡ್ಡದಾಗುವುದೇ ಇಲ್ಲ. ತಿಗಣೆಯ ಮೈಯಂಚಿನ ಎಳೆಗಳು ಗಿಡ್ಡವಾಗಿ ಒಂದೇ ಸಮ ಇರುತ್ತವೆ, ಮರಿಯ ಎಳೆಗಳು ಉದ್ದ, ಅಂಕುಡೊಂಕು, ಕೆದರಿದ ಜಡೆಯ ಹಾಗೆ.

ಇದೇ ಗುಂಪಿನಲ್ಲಿ ಇನ್ನಿಬ್ಬರು ವೇಷಧಾರಿಗಳೂ ಸಿಗಬಹುದು. ಸ್ಪಾಲ್ಗಿಸ್ ಎಪಿಯಸ್ ಎಂಬ ಪುಟ್ಟ ಚಿಟ್ಟೆಯ ಕಂಬಳಿಹುಳು ತಿಗಣೆ ತಿನ್ನುತ್ತ ಅದರ ಮೇಣವನ್ನೇ ಮೈಗೆ ಮೆತ್ತಿಕೊಂಡು ಗೊಂಡೆಹುಳುವಿನಂತೆ ಚಪ್ಪಟೆಯಾಗಿ ಕೂತಿರುತ್ತದೆ. ಅದರ ಕೋಶವನ್ನು ಎದುರಿನಿಂದ ನೋಡಿದರೆ ಥೇಟು ಕೋತಿಯ ಮುಖ. ಹಸಿರು ಲೇಸ್‌ವಿಂಗ್ ಎಂಬ ಜಾಲರೆಕ್ಕೆಯ ಕೀಟದ ಮರಿಗಳಲ್ಲಿ ಕೆಲವು ತಿಂದುಳಿದ ಸಿಪ್ಪೆ, ಮೇಣವನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುತ್ತವೆ. ಎರಡೂ ತೋಟಕ್ಕೆ ಬೇಕಾದವೇ. ಹಾಗೆಂದು ಗುಲಗಂಜಿ ಹುಳುಗಳೆಲ್ಲ ನಮ್ಮ ಕಡೆಯವೆಂದು ತಿಳಿಯಬಾರದು. ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕೆಯ ದುಂಬಿಯೂ ಇದೇ ಕುಟುಂಬದ್ದು.

ಹಸಿರು ತಿಗಣೆಗೆಂದು ಬಂದು ಹಿಟ್ಟು ತಿಗಣೆಗೆ ನಿಂತದ್ದು

ಇದರ ತವರು ಆಸ್ಟ್ರೇಲಿಯಾದ ಪೂರ್ವ ಭಾಗ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಕಿತ್ತಳೆ ತೋಟಗಳ ಹಿಟ್ಟು ತಿಗಣೆ ತಿನ್ನಿಸಲೆಂದು 1891ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಇದನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ. ಅದಕ್ಕೂ ಮೊದಲು, 1888ರಲ್ಲಿ, ರೊಡೋಲಿಯಾ ಎಂಬ ಇನ್ನೊಂದು ಗುಲಗಂಜಿ ಹುಳುವನ್ನು ಅಲ್ಲಿಗೆ ಕಳಿಸಿ ಕಿತ್ತಳೆ ಬೆಳೆಯನ್ನೇ ಉಳಿಸಿದವನು ಅವನೇ. ಭಾರತಕ್ಕೆ ಕ್ರಿಪ್ಟೋ ಬಂದದ್ದು 1898ರಲ್ಲಿ. ಎಚ್. ಓ. ನ್ಯೂಪೋರ್ಟ್ ಎಂಬವರು ತರಿಸಿದ್ದು ಹಿಟ್ಟು ತಿಗಣೆಗಲ್ಲ, ಕಾಫಿಯ ಹಸಿರು ತಿಗಣೆಗೆ. ಆ ಕೆಲಸ ಅದರಿಂದ ಆಗಲಿಲ್ಲ. ಆದರೆ ದುಂಬಿ ಅಳಿದುಹೋಗಲಿಲ್ಲ. ದಕ್ಷಿಣ ಭಾರತದಲ್ಲಿ ಹಿಟ್ಟು ತಿಗಣೆಗಳನ್ನು ನಂಬಿಕೊಂಡು ಉಳಿದುಕೊಂಡಿತು.

ಹಸಿರು ತಿಗಣೆಯಲ್ಲಿ ಸೋತದ್ದೇಕೆ ಎಂಬುದಕ್ಕೆ ಉತ್ತರ ಮೇಣದಲ್ಲಿದೆ. ಹೆಣ್ಣು ದುಂಬಿಗೆ ಮೊಟ್ಟೆ ಇಡುವ ಮನಸ್ಸು ಬರುವುದೇ ಹತ್ತಿಯಂಥ ಮೇಣದ ಎಳೆಗಳ ಸಂಪರ್ಕದಿಂದ. ಕಾಫಿಯ ಹಸಿರು ತಿಗಣೆ ಚಪ್ಪಟೆಯಾಗಿ, ಬೋಳಾಗಿ ಎಲೆನರಕ್ಕೆ ಅಂಟಿಕೊಂಡಿರುತ್ತದೆ. ಹತ್ತಿಯ ಚೀಲ ಕಟ್ಟುವುದಿಲ್ಲ. ದುಂಬಿ ಹಸಿವಿಗೆ ನಾಲ್ಕು ತಿಂದೀತು, ಸಂಸಾರ ಹೂಡುವುದಿಲ್ಲ. ಸೀಬೆಯ ಹಸಿರು ಗುರಾಣಿ ತಿಗಣೆಯ ಕಥೆ ಬೇರೆ. ಅದೂ ಶಲ್ಕ ಕೀಟವೇ (ಚಿಪ್ಪಿನಂತೆ ಗಿಡಕ್ಕೆ ಅಂಟಿ ರಸ ಹೀರುವ ಜಾತಿ), ಆದರೆ ಬಿಳಿ ಮೊಟ್ಟೆ ಚೀಲ ಕಟ್ಟುತ್ತದೆ. ಅಲ್ಲಿ ಕ್ರಿಪ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ದುಂಬಿ ತರುವ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಿಮ್ಮ ಗಿಡದಲ್ಲಿರುವುದು ಹತ್ತಿ ಕಟ್ಟುವ ಕೀಟವೇ? ಹೇನು, ಥ್ರಿಪ್ಸ್, ಜಿಗಿಹುಳು, ಬೋಳು ಶಲ್ಕ ಕೀಟಗಳಿಗೆಲ್ಲ ಇದನ್ನು ತಂದು ಬಿಡುವುದು ದುಡ್ಡು ದಂಡ.

ಒಂದು ತಲೆಮಾರು, ಒಂದು ತಿಂಗಳು

27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಟ್ಟೆ 5ರಿಂದ 6 ದಿನದಲ್ಲಿ ಒಡೆಯುತ್ತದೆ. ಮರಿ ನಾಲ್ಕು ಹಂತ ದಾಟಲು 12ರಿಂದ 17 ದಿನ. ಕೋಶದಲ್ಲಿ 7ರಿಂದ 10 ದಿನ. ಒಟ್ಟು ಒಂದು ತಿಂಗಳು ಎಂದಿಟ್ಟುಕೊಳ್ಳಿ. ಹೊರಬಂದ ಹೆಣ್ಣು ಕೂಡಿಕೊಂಡು ಮೊಟ್ಟೆ ಇಡಲು ಶುರುಮಾಡಲು ಇನ್ನೂ ಕೆಲವು ದಿನ ಬೇಕು. ಆಮೇಲೆ ಸುಮಾರು ಎರಡು ತಿಂಗಳ ಬದುಕಿನಲ್ಲಿ 400ರಿಂದ 500 ಮೊಟ್ಟೆ ಇಡಬಲ್ಲದು, ಊಟ ಸರಿಯಾಗಿ ಸಿಕ್ಕರೆ ಮಾತ್ರ.

ಒಂದು ಮರಿ ಬೆಳೆದು ಕೋಶವಾಗುವಷ್ಟರಲ್ಲಿ ತಿನ್ನುವ ಲೆಕ್ಕ ಹೀಗೆ: ತಿಗಣೆಯ ಮೊಟ್ಟೆಗಳನ್ನಷ್ಟೇ ತಿಂದರೆ 900ರಿಂದ 1500, ಮರಿತಿಗಣೆಗಳಾದರೆ ಸುಮಾರು 300, ಬೆಳೆದ ತಿಗಣೆಗಳಾದರೆ 30. ಈ ಮೂರು ಅಂಕಿಗಳ ಅಂತರ ಗಮನಿಸಿ. ತಿಗಣೆ ಮೊಟ್ಟೆ ಚೀಲ ಕಟ್ಟುತ್ತಿರುವ ಹೊತ್ತಿಗೆ ದುಂಬಿ ಬಿಟ್ಟರೆ ಅದೇ ಒಂದು ಮರಿ ಮುಂದಿನ ತಲೆಮಾರಿನ ಸಾವಿರವನ್ನು ಅಳಿಸುತ್ತದೆ. ಮೊಟ್ಟೆ ಒಡೆದು ಮರಿತಿಗಣೆಗಳು ಗಿಡತುಂಬ ಚದುರಿದ ಮೇಲೆ ಬಿಟ್ಟರೆ ಒಂದೊಂದನ್ನೂ ಹುಡುಕಬೇಕು. ಹುಡುಕುವುದರಲ್ಲಿ ಈ ದುಂಬಿ ಅಷ್ಟೇನೂ ಜಾಣ ಅಲ್ಲ.

ಹವೆಯೂ ಮುಖ್ಯ. 22ರಿಂದ 28 ಡಿಗ್ರಿಯಲ್ಲಿ ಅದರ ಚಟುವಟಿಕೆ ಚೆನ್ನ. 16 ಡಿಗ್ರಿಗಿಂತ ಕೆಳಗೆ ಮಂಕಾಗುತ್ತದೆ, 33 ದಾಟಿದರೆ ಬೇಟೆ ಹುಡುಕುವುದನ್ನೇ ಬಿಡುತ್ತದೆ. ಮಲೆನಾಡಿನ ತೋಟದ ನೆರಳು ಇದಕ್ಕೆ ಒಗ್ಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬಿಟ್ಟವರು ಫಲ ಕಾಣದಿದ್ದರೆ ಆಶ್ಚರ್ಯವಿಲ್ಲ.

ಇರುವೆ

ದುಂಬಿ ಬಿಟ್ಟು ಸೋತ ತೋಟಗಳಲ್ಲಿ ಮೊದಲು ಕಾಂಡ ನೋಡಬೇಕು. ಇರುವೆ ಸಾಲು ಮೇಲೆ ಕೆಳಗೆ ಓಡಾಡುತ್ತಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇರುವುದಿಲ್ಲ.

ತಿಗಣೆ ಗಿಡದ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟು ದ್ರವವಾಗಿ ಹೊರಹಾಕುತ್ತದೆ. ಎಲೆಯ ಮೇಲೆ ಅದು ಬಿದ್ದಲ್ಲಿ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳಿಗೆ ಈ ಅಂಟು ಊಟ. ಊಟ ಕೊಡುವ ತಿಗಣೆಯನ್ನು ಅವು ಕಾಯುತ್ತವೆ, ಹತ್ತಿರ ಬಂದ ದುಂಬಿಯನ್ನು ಕಚ್ಚಿ ಓಡಿಸುತ್ತವೆ. ಕ್ರಿಪ್ಟೋ ಮರಿಗೆ ಮೇಣದ ಹೊದಿಕೆಯಿಂದ ಒಂದಿಷ್ಟು ರಕ್ಷಣೆ ಇದೆ: ಕಚ್ಚಲು ಬಂದ ಇರುವೆಯ ಬಾಯಿತುಂಬ ಮೇಣ ಮೆತ್ತಿಕೊಳ್ಳುತ್ತದೆ. ಬೆಳೆದ ದುಂಬಿಗೆ ಆ ಕವಚ ಇಲ್ಲ. ನೆಮ್ಮದಿಯಾಗಿ ಕೂತು ಮೊಟ್ಟೆ ಇಡಲಾಗದೆ ಅದು ಬೇರೆ ಕಡೆಗೆ ಹಾರುತ್ತದೆ. ಆದ್ದರಿಂದ ಇರುವೆ ಹೆಚ್ಚಿದ್ದು ತಡೆಯಲು ಆಗದ ತೋಟಕ್ಕೆ ದೊಡ್ಡ ದುಂಬಿಗಿಂತ ಮರಿಗಳನ್ನೇ ತರಿಸುವುದು ಲೇಸು.

ತಡೆಯುವ ಕೆಲಸ ದುಂಬಿ ಬರುವುದಕ್ಕೆ ಎರಡು ವಾರ ಮೊದಲೇ ಆಗಬೇಕು. ಕಾಂಡಕ್ಕೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಗ್ರೀಸನ್ನು ನೇರವಾಗಿ ತೊಗಟೆಗೆ ಬಳಿಯಬಾರದು, ಎಳೆ ತೊಗಟೆ ಸುಟ್ಟುಹೋಗುತ್ತದೆ. ಸುತ್ತಿದ ಹಾಳೆಯ ಅಡಿ ಸಂದು ಉಳಿದರೆ ಇರುವೆ ಅಲ್ಲಿಂದಲೇ ನುಗ್ಗುತ್ತದೆ, ತಿಗಣೆಯೂ ಅಲ್ಲೇ ಅಡಗುತ್ತದೆ. ಧೂಳು, ಎಲೆಚೂರು ಕೂತು ಗ್ರೀಸ್ ಒಣಗಿದರೆ ಸೇತುವೆ ಆದಂತೆಯೇ, ಹಾಗಾಗಿ ವಾರಕ್ಕೊಮ್ಮೆ ನೋಡಬೇಕು. ನೆಲ ಮುಟ್ಟುವ ರೆಂಬೆ, ಪಕ್ಕದ ಗಿಡಕ್ಕೆ ತಾಗುವ ರೆಂಬೆ, ಕಾಂಡಕ್ಕೆ ಒರಗಿ ಬೆಳೆದ ಹುಲ್ಲು ಇವನ್ನೆಲ್ಲ ತೆಗೆಯದೆ ಪಟ್ಟಿ ಕಟ್ಟಿದರೆ ವ್ಯರ್ಥ. ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಮಲೆನಾಡಿನ ಕೆಂಪಿರುವೆ ಚಗಳಿಗೆ ಪಟ್ಟಿ ಸಾಲುವುದಿಲ್ಲ. ಗೂಡು ಮರದ ಮೇಲೆಯೇ ಇರುವುದರಿಂದ ಗೂಡನ್ನೇ ಇಳಿಸಬೇಕು.

ಔಷಧಿಯ ಲೆಕ್ಕ

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಪೈರೆಥ್ರಾಯಿಡ್‌ಗಳು ಹಿಟ್ಟು ತಿಗಣೆಯ ಮೇಣ ದಾಟಿ ಒಳಗೆ ಮುಟ್ಟುವುದು ಕಡಿಮೆ, ಅದನ್ನು ತಿನ್ನುವ ಹುಳುಗಳನ್ನು ಕೊಲ್ಲುವುದು ಹೆಚ್ಚು. ಬೇರೆ ಹುಳಕ್ಕೆಂದು ಹೊಡೆದ ಮೇಲೆ ಹಿಟ್ಟು ತಿಗಣೆ ಉಕ್ಕಿಬರುವುದು ಇದೇ ಕಾರಣಕ್ಕೆ. ಅಂಥದ್ದು ಹೊಡೆದಿದ್ದರೆ ಕನಿಷ್ಠ ಎರಡು ತಿಂಗಳು ದುಂಬಿಯ ಮಾತೆತ್ತಬೇಡಿ. ಇಮಿಡಾಕ್ಲೋಪ್ರಿಡ್‌ನಂಥ, ಬೇರಿನಿಂದ ಹೀರಿಕೊಂಡು ಗಿಡತುಂಬ ಹರಡುವ ಔಷಧಿಯಲ್ಲಿ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎಲೆಯ ಮೇಲೆ ಏನೂ ಇರುವುದಿಲ್ಲ, ಆದರೆ ದುಂಬಿ ತಿನ್ನುವ ತಿಗಣೆಯೊಳಗೆ ವಿಷ ಇರುತ್ತದೆ.

ಹೆಚ್ಚು ಜನ ಮೋಸಹೋಗುವುದು ಬುಪ್ರೊಫೆಜಿನ್, ಪೈರಿಪ್ರಾಕ್ಸಿಫೆನ್‌ನಂಥ ಬೆಳವಣಿಗೆ ತಡೆಯುವ ಔಷಧಿಗಳಲ್ಲಿ. ‘ಮಿತ್ರಕೀಟಕ್ಕೆ ಏನೂ ಆಗಲ್ಲ’ ಎಂದು ಮಾರುತ್ತಾರೆ. ಬೆಳೆದ ದುಂಬಿ ಸಾಯುವುದಿಲ್ಲ, ನಿಜ. ಆದರೆ ಮೊಟ್ಟೆ ಒಡೆಯುವುದಿಲ್ಲ, ಮರಿ ಪೊರೆ ಕಳಚಲಾಗದೆ ಸಾಯುತ್ತದೆ. ಗಿಡದ ಮೇಲೆ ದುಂಬಿಗಳು ಓಡಾಡುತ್ತಲೇ ಇರುತ್ತವೆ, ಮರಿ ಮಾತ್ರ ಒಂದೂ ಕಾಣುವುದಿಲ್ಲ. ಗುಲಗಂಜಿ ಹುಳುಗಳು ಈ ಗುಂಪಿನ ಔಷಧಿಗೆ ಎಷ್ಟು ಸೂಕ್ಷ್ಮ ಎಂಬುದನ್ನು ಕ್ಯಾಲಿಫೋರ್ನಿಯಾ ಮತ್ತು ದಕ್ಷಿಣ ಆಫ್ರಿಕಾದ ಕಿತ್ತಳೆ ತೋಟಗಳು ಕಂಡುಂಡಿವೆ: ಇವನ್ನು ಬಳಸತೊಡಗಿದ ಮೇಲೆ ರೊಡೋಲಿಯಾ ಕುಸಿದು, ಅದು ಹಿಡಿತದಲ್ಲಿಟ್ಟಿದ್ದ ಹತ್ತಿ ತಿಗಣೆ ಮರಳಿ ಬಂತು.

ದುಂಬಿಗೆ ಮೊದಲು ಏನಾದರೂ ಹೊಡೆಯಲೇಬೇಕಿದ್ದರೆ ಮೀನೆಣ್ಣೆ ಸೋಪು ಸಾಕು, ಲೀಟರ್ ನೀರಿಗೆ 20ರಿಂದ 25 ಗ್ರಾಂ. ತಾಗಿದ್ದನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ವಿಷ ಉಳಿಯುವುದಿಲ್ಲ, ಅಂಟು ಮತ್ತು ಕಪ್ಪು ಬೂಷ್ಟೂ ಸ್ವಲ್ಪ ತೊಳೆದುಹೋಗುತ್ತದೆ. ಎರಡು ಮೂರು ದಿನ ಬಿಟ್ಟು ದುಂಬಿ ಬಿಡಬಹುದು. ಆದರೆ ಗಿಡವನ್ನು ಪೂರ್ತಿ ಶುಚಿ ಮಾಡಿಬಿಡಬೇಡಿ. ತಿಗಣೆಯೇ ಇಲ್ಲದ ಗಿಡದಲ್ಲಿ ದುಂಬಿಗೇನು ಕೆಲಸ?

ಬೆಳೆಯಿಂದ ಬೆಳೆಗೆ

ಕಾಫಿಯಲ್ಲಿ, ಅದರಲ್ಲೂ ರೋಬಸ್ಟಾದಲ್ಲಿ, ಹಿಟ್ಟು ತಿಗಣೆ ಏರುವುದು ಒಣ ತಿಂಗಳುಗಳಲ್ಲಿ: ಚಳಿ ಮುಗಿದು, ಹೂಮಳೆ ಆಸುಪಾಸು, ಮುಂಗಾರು ಹಿಡಿಯುವ ತನಕ. ಗೆಣ್ಣು, ಮೊಗ್ಗು, ಎಳೆಕಾಯಿ ಗೊಂಚಲಲ್ಲಿ ಕೂರುತ್ತದೆ. ಎಲ್ಲ ಗಿಡಕ್ಕೂ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು ಗುಂಪಾಗಿ ಮುತ್ತುತ್ತದೆ. ಮುತ್ತಿದ ಗಿಡಕ್ಕೆ ಬಣ್ಣದ ದಾರ ಕಟ್ಟಿ, ಅವುಗಳಿಗೆ ಮಾತ್ರ ಗಿಡಕ್ಕೆ 5ರಂತೆ ಬಿಟ್ಟರೆ ಸಾಕು. ಇಡೀ ಎಕರೆಗೆ ಎರಚುವುದು ಅನಗತ್ಯ. ಇದೇ ತೋಟದ ಮೆಣಸಿನ ಬಳ್ಳಿಯ ಬೇರಿಗೆ, ಕಾಫಿ ಬೇರಿಗೆ ಹತ್ತುವ ಹಿಟ್ಟು ತಿಗಣೆಗೆ ಕ್ರಿಪ್ಟೋ ಪ್ರಯೋಜನವಿಲ್ಲ, ಅದು ಮಣ್ಣೊಳಗೆ ಇಳಿಯುವುದಿಲ್ಲ.

ದ್ರಾಕ್ಷಿ ಕಷ್ಟದ ಬೆಳೆ. ತಿಗಣೆ ವರ್ಷದ ಬಹುಭಾಗ ಸಡಿಲ ತೊಗಟೆಯ ಅಡಿ ಅಡಗಿದ್ದು ಗೊಂಚಲು ತುಂಬುವ ಹೊತ್ತಿಗೆ ಮೇಲೇರುತ್ತದೆ. ಗೊಂಚಲಿಗೆ ಹತ್ತಿದ ಮೇಲೆ ಏನು ಮಾಡಿದರೂ ಹಣ್ಣಿನ ಮೇಲಿನ ಅಂಟು, ಕಪ್ಪು ಹೋಗುವುದಿಲ್ಲ. ಆದ್ದರಿಂದ ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವುದಕ್ಕೆ) ಮೊದಲು, ಆಗಸ್ಟ್‌–ಸೆಪ್ಟೆಂಬರ್‌ನಲ್ಲಿ, ತಿಗಣೆ ಇನ್ನೂ ಕಾಂಡದಲ್ಲಿರುವಾಗ ಬಿಡಬೇಕು. ಬಳ್ಳಿಗೆ 8ರಿಂದ 10. ತಾಮ್ರದ ಶಿಲೀಂಧ್ರನಾಶಕಗಳಿಂದ ದುಂಬಿಗೆ ಹೆಚ್ಚು ತೊಂದರೆ ಇಲ್ಲ. ಚಾಟ್ನಿಯಾದ ಮೇಲೆ ಥ್ರಿಪ್ಸ್, ಉಡದ್ಯ ದುಂಬಿ ಎಂದು ಒಂದರ ಹಿಂದೊಂದು ಕೀಟನಾಶಕ ಹೊಡೆಯುವ ತೋಟವಾದರೆ ದುಂಬಿಗೆ ಹಾಕುವ ದುಡ್ಡು ಉಳಿಸಿಕೊಳ್ಳಿ.

ಹಿಪ್ಪುನೇರಳೆಯ ತುಕ್ರ ಎಂಬ ತೊಂದರೆಗೆ ಕಾರಣ ಗುಲಾಬಿ ಹಿಟ್ಟು ತಿಗಣೆ. ಕುಡಿ ಮುದುರಿ ಗಂಟಾಗುತ್ತದೆ, ಔಷಧಿ ಆ ಮಡಿಕೆಯೊಳಗೆ ಹೋಗುವುದಿಲ್ಲ, ಹೋದರೂ ಸೊಪ್ಪು ತಿನ್ನುವ ರೇಷ್ಮೆ ಹುಳಕ್ಕೆ ಗಂಡಾಂತರ. ಕ್ರಿಪ್ಟೋ ನಿಜಕ್ಕೂ ಹೊಂದುವ ಜಾಗ ಇದು, ಮರಿ ಮಡಿಕೆಯೊಳಗೆ ನುಸುಳಿ ತಿನ್ನುತ್ತದೆ. ಎಕರೆಗೆ 250 ದುಂಬಿಗಳನ್ನು ಆರು ತಿಂಗಳ ಅಂತರದಲ್ಲಿ ಎರಡು ಕಂತಾಗಿ ಬಿಡುವುದು ರೂಢಿಯ ಶಿಫಾರಸು. ಮುದುರಿದ ಕುಡಿ ಚಿವುಟಿ ಸುಡುವ ಅಭ್ಯಾಸ ಒಳ್ಳೆಯದೇ, ಆದರೆ ಅದು ದುಂಬಿ ಬಿಡುವುದಕ್ಕೆ ಮುಂಚೆ. ಬಿಟ್ಟ ಎರಡು ವಾರಕ್ಕೆ ಕುಡಿ ಚಿವುಟಿ ಬೆಂಕಿಗೆ ಹಾಕಿದರೆ ಒಳಗಿರುವ ಮರಿಗಳೂ ಸುಡುತ್ತವೆ.

ಸೀಬೆ, ಕಿತ್ತಳೆ, ನಿಂಬೆಗೆ ಮರಕ್ಕೆ 10ರಿಂದ 20. ಮನೆ ಮುಂದಿನ ಎರಡು ದಾಸವಾಳದ ಗಿಡಕ್ಕೆ ದುಂಬಿ ತರಿಸುವವರೂ ಇದ್ದಾರೆ. ನೀರನ್ನು ರಭಸವಾಗಿ ಬಿಟ್ಟು ತೊಳೆದರೆ ಆಗುವ ಕೆಲಸ ಅದು.

ಬಿಡುವಾಗ ಹೊತ್ತು ಇಳಿದ ಮೇಲೆ ಅಥವಾ ಬೆಳಗಿನ ತಂಪಿನಲ್ಲಿ ಬಿಡಿ. ಸಾಲಿನ ತುದಿಯಲ್ಲಿ ನಿಂತು ಡಬ್ಬಿ ಕೊಡವಬೇಡಿ. ತಿಗಣೆ ಗುಂಪಿನ ಪಕ್ಕದ ಕೊಂಬೆಯ ಸಂದಿಗೆ ಡಬ್ಬಿ ಹಿಡಿದು, ಮೆದು ಕುಂಚದಿಂದ ಎಣಿಸಿ ಇಳಿಸಿ. ಎರಡು ಮೂರು ವಾರದಲ್ಲಿ ಬಿಳಿ ಜಡೆಯ ಮರಿಗಳು ಕಾಣಬೇಕು. ಕಾಣದಿದ್ದರೆ ಇರುವೆ ಅಥವಾ ಔಷಧಿ, ಎರಡರಲ್ಲಿ ಒಂದು. ಮರಿ ಕಂಡಿತೆಂದರೆ ಕಾಯಿರಿ. ತಿಗಣೆ ಸ್ಪಷ್ಟವಾಗಿ ಇಳಿಯಲು ಒಂದೂವರೆಯಿಂದ ಎರಡು ತಿಂಗಳು ಹಿಡಿಯುತ್ತದೆ. ಮೂರನೇ ವಾರಕ್ಕೆ ತಾಳ್ಮೆಗೆಟ್ಟು ಔಷಧಿ ಹೊಡೆಯುವುದು ಬಿತ್ತಿದ ಹೊಲವನ್ನು ಮೊಳಕೆಯಲ್ಲೇ ಉತ್ತಂತೆ.

ಅದರ ಮಿತಿ

ಕ್ರಿಪ್ಟೋ ದಟ್ಟವಾಗಿ ಮುತ್ತಿದ ತಿಗಣೆಯನ್ನು ಬಡಿದು ಇಳಿಸುತ್ತದೆ. ಚೆಲ್ಲಾಪಿಲ್ಲಿ ಉಳಿದ ನಾಲ್ಕಾರು ತಿಗಣೆಗಳನ್ನು ಹುಡುಕಿ ಮುಗಿಸುವ ಕೆಲಸ ತಿಗಣೆಯೊಳಗೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಸಣ್ಣ ಪರತಂತ್ರ ಕಣಜಗಳದ್ದು. ಕಿತ್ತಳೆ ಮತ್ತು ಕಾಫಿಯ ತಿಗಣೆಗೆಂದು 1983ರಲ್ಲಿ ಟ್ರಿನಿಡಾಡ್‌ನಿಂದ ಭಾರತಕ್ಕೆ ತಂದ ಲೆಪ್ಟೋಮಾಸ್ಟಿಕ್ಸ್ ಕಣಜ ಇಂಥದ್ದು. ಎರಡನ್ನೂ ಬಿಡುವುದಾದರೆ ದುಂಬಿ ಮೊದಲು, ಕಣಜ ಆಮೇಲೆ. ಕಣಜ ಮೊಟ್ಟೆಯಿಟ್ಟ ತಿಗಣೆ ಇನ್ನೂ ಮೆದುವಾಗಿದ್ದರೆ ದುಂಬಿ ಅದನ್ನೂ ತಿಂದುಹಾಕುತ್ತದೆ. ಗಟ್ಟಿ ಕಂದು ಸಿಪ್ಪೆಯಾದ ಮೇಲೆ ಮುಟ್ಟುವುದಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆಯನ್ನು ಹಾಳುಮಾಡಿದ ಪರಂಗಿ ಹಿಟ್ಟು ತಿಗಣೆಯನ್ನು ಕೊನೆಗೆ ಮಣಿಸಿದ್ದು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ ಸಾಕಿ ಹಂಚಿದ ಅಸೆರೊಫಾಗಸ್ ಪಪಾಯೆ ಎಂಬ ಕಣಜ. ಆ ತಿಗಣೆಗೆ ಈಗಲೂ ಅದೇ ಸರಿ.

ಇನ್ನೊಂದು ದೇಶದಲ್ಲಿ ಈ ದುಂಬಿ ತಲೆನೋವೂ ಆಗಿದೆ. ದಕ್ಷಿಣ ಆಫ್ರಿಕಾದಲ್ಲಿ ಪಾಪಾಸುಕಳ್ಳಿ ಹುಲ್ಲುಗಾವಲನ್ನೆಲ್ಲ ನುಂಗಿದಾಗ ಅದನ್ನು ತಿನ್ನುವ ಕೊಚಿನೀಲ್ ಕೀಟವನ್ನು ತಂದು ಬಿಟ್ಟರು. ಕೊಚಿನೀಲ್ ಕೂಡ ಬಿಳಿ ಹತ್ತಿ ಕಟ್ಟುವ ಕೀಟ. ಕಿತ್ತಳೆ ತೋಟಕ್ಕೆಂದು ಮೊದಲೇ ತಂದಿದ್ದ ಕ್ರಿಪ್ಟೋ ಆ ಹತ್ತಿ ಕಂಡು ಕಳ್ಳಿಗೆ ಹೋಗಿ ಕೊಚಿನೀಲನ್ನೇ ತಿನ್ನತೊಡಗಿತು. ಕಡೆಗೆ ದುಂಬಿಯನ್ನು ಕೊಲ್ಲಲೆಂದೇ ಅಲ್ಲಿ ಡಿಡಿಟಿ ಹೊಡೆದದ್ದೂ ಉಂಟು. ದುಂಬಿಗೆ ಗೊತ್ತಿರುವುದು ಹತ್ತಿ ಒಂದೇ. ಅದರೊಳಗಿನ ಕೀಟ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ನಮ್ಮ ಜಗಳ.

ಸಿಹಿಗುಂಬಳದ ಮೇಲೆ ಸಾಕುವುದು

ಕ್ಯಾಲಿಫೋರ್ನಿಯಾದವರು ಮೊದಲು ಆಲೂಗೆಡ್ಡೆ ಮೊಳಕೆಯ ಮೇಲೆ ತಿಗಣೆ ಬೆಳೆಸಿ ದುಂಬಿ ಸಾಕಿದರು. ನಮ್ಮಲ್ಲಿ ಸಿಹಿಗುಂಬಳ ರೂಢಿಗೆ ಬಂತು. ಅಗ್ಗ, ಸಿಪ್ಪೆ ಗಟ್ಟಿ, ಕೆಡದೆ ತಿಂಗಳುಗಟ್ಟಲೆ ಇರುತ್ತದೆ. ಹಣ್ಣಾದ, ಆಳ ಗೀರುಗಳಿರುವ, ತೊಟ್ಟು ಉಳಿದಿರುವ ಮಧ್ಯಮ ಗಾತ್ರದ ಕಾಯಿ ಆರಿಸಿ. ಗೀರು ಇದ್ದರೆ ತಿಗಣೆ ಕೂರಲು ಸಂದು ಸಿಗುತ್ತದೆ. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ.

ಧೂಳು ತೊಳೆದು, 0.1 ಶೇಕಡಾ ಕಾರ್ಬೆಂಡಜಿಮ್ ದ್ರಾವಣದಲ್ಲಿ ಒಂದೆರಡು ನಿಮಿಷ ಮುಳುಗಿಸಿ ನೆರಳಲ್ಲಿ ಒಣಗಿಸಿ. ಗಾಯ, ತರಚು ಇದ್ದಲ್ಲಿ ಕರಗಿದ ಮೇಣ ಹಚ್ಚಿ ಮುಚ್ಚಿ. ನೆಲಕ್ಕೆ ತಾಗದಂತೆ ಸಿಂಬಿಯ ಮೇಲೆ ಕೂರಿಸಿ, ಕಾಯಿಯ ಮೇಲೆ ತಿಗಣೆಯ ಮೊಟ್ಟೆ ಚೀಲಗಳನ್ನು ಇಡಿ. ಮರಿತಿಗಣೆಗಳು ಒಡೆದು ಒಂದು ದಿನದಲ್ಲೇ ಹರಡಿಕೊಳ್ಳುತ್ತವೆ. ಬೇಗ ಹೆಚ್ಚುವುದು ಗುಲಾಬಿ ಹಿಟ್ಟು ತಿಗಣೆ. ಸುಮಾರು 15 ದಿನಕ್ಕೆ ಕಾಯಿ ಬಿಳಿಯಾಗುತ್ತದೆ. ಆಗ ಒಂದಡಿ ಘನದ, ಬದಿಗೆ ತೆಳು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯಲ್ಲಿಟ್ಟು ಸುಮಾರು 100 ದುಂಬಿ ಬಿಡಿ, 24 ಗಂಟೆ ಕಳೆದ ಮೇಲೆ ತೆಗೆಯಿರಿ.

ಆ 24 ಗಂಟೆಯ ಮಿತಿ ಮೀರಬಾರದು. ಎರಡು ಮೂರು ದಿನ ಬಿಟ್ಟರೆ ಮೊಟ್ಟೆ ಹೆಚ್ಚುತ್ತದೆ, ದುಂಬಿಯೂ ಹೆಚ್ಚು ಬಂದೀತು ಅನ್ನಿಸುತ್ತದೆ. ಆಗುವುದೇ ಬೇರೆ: ಮರಿಗಳು ಕಾಯಿಯ ತಿಗಣೆಯನ್ನೆಲ್ಲ ಬೇಗ ಮುಗಿಸಿ ಒಂದನ್ನೊಂದು ತಿನ್ನತೊಡಗುತ್ತವೆ. ದೊಡ್ಡ ಮರಿಗಳು ಸಣ್ಣವನ್ನು ಮುಗಿಸಿ, ಕೊನೆಗೆ ಸಿಗುವ ದುಂಬಿ ಕಡಿಮೆ, ಅವೂ ಗಿಡ್ಡ. ಒಂದೇ ದಿನದ ಮೊಟ್ಟೆಗಳಾದರೆ ಮರಿಗಳೆಲ್ಲ ಒಂದೇ ವಯಸ್ಸಿನವು, ಕಾಟ ಕಡಿಮೆ. ಕೋಶ ಕಟ್ಟುವ ಹೊತ್ತಿಗೆ ಒಣಗಿದ ಸೀಬೆ ಎಲೆ ಅಥವಾ ಮಡಿಕೆ ಮಾಡಿದ ರಟ್ಟಿನ ಚೂರು ಹಾಕಿ, ಅವಕ್ಕೆ ಅಡಗಲು ಸಂದು ಬೇಕು. ದುಂಬಿ ಬಿಟ್ಟ ದಿನದಿಂದ ಮೂವತ್ತನೇ ದಿನದ ಸುಮಾರಿಗೆ ಹೊಸ ದುಂಬಿ ಹೊರಬರತೊಡಗುತ್ತವೆ. ಒಂದು ಕಾಯಿಗೆ 175ರಷ್ಟು ಬಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಹೊರಬಂದವನ್ನು ತಕ್ಷಣ ತೋಟಕ್ಕೆ ಒಯ್ಯಬಾರದು. 10ರಿಂದ 15 ದಿನ ಡಬ್ಬಿಯಲ್ಲಿಟ್ಟು ಉಣಿಸಿ, ಕೂಡಲು ಬಿಡಬೇಕು. ಊಟ ಹೀಗೆ: 70 ಮಿ.ಲೀ. ನೀರಿಗೆ 20 ಗ್ರಾಂ ಸಕ್ಕರೆ ಹಾಕಿ ಕುದಿಸಿ, 1 ಗ್ರಾಂ ಅಗರ್ ಪುಡಿ ಸೇರಿಸಿ, 30 ಮಿ.ಲೀ. ನೀರಲ್ಲಿ ಕದಡಿದ 40 ಮಿ.ಲೀ. ಜೇನು ಬೆರೆಸಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಟಿಯ ಮೇಲೆ ಹನಿಹನಿಯಾಗಿ ಬಿಟ್ಟರೆ ಗಟ್ಟಿಯಾಗುತ್ತದೆ. ಅಗರ್ ಇಲ್ಲದ ಬರೀ ಜೇನು ಇಟ್ಟರೆ ದುಂಬಿ ಕಾಲು ಅಂಟಿ ಸಾಯುತ್ತವೆ.

ಸಾಕುವ ಕೋಣೆಗೆ ಇರುವೆ ಬರದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಬೇಕು. ತೋಟದಲ್ಲಿ ಸ್ವಾಗತಿಸಿದ ಸ್ಪಾಲ್ಗಿಸ್ ಚಿಟ್ಟೆ ಇಲ್ಲಿ ಶತ್ರು. ಒಂದು ಚಿಟ್ಟೆ ಒಳಹೊಕ್ಕರೆ ಅದರ ಹುಳುಗಳು ಇಡೀ ಕಾಯಿಯ ತಿಗಣೆ ಖಾಲಿ ಮಾಡುತ್ತವೆ. ಕಣಜಗಳೂ ಅಷ್ಟೇ. ತಿಗಣೆ ಬೆಳೆಸುವ ಕೋಣೆ ಮತ್ತು ದುಂಬಿ ಬೆಳೆಸುವ ಕೋಣೆ ಬೇರೆಬೇರೆ ಇರಲಿ, ದಿನದ ಕೆಲಸ ತಿಗಣೆ ಕೋಣೆಯಿಂದ ಶುರುವಾಗಿ ದುಂಬಿ ಕೋಣೆಯಲ್ಲಿ ಮುಗಿಯಲಿ. ಹಿಂದುಮುಂದಾದರೆ ಬಟ್ಟೆಗೆ ಅಂಟಿದ ಒಂದು ದುಂಬಿ ತಿಗಣೆ ಬೆಳೆಸಲು ಇಟ್ಟ ಕಾಯಿಗೇ ಮೊಟ್ಟೆ ಇಟ್ಟುಬಿಡುತ್ತದೆ.

ಸಾಕುವ ತಾಪತ್ರಯ ಬೇಡ ಎನ್ನುವವರು ಕೊಂಡು ತರುವಾಗ ಮೂರು ಮಾತು ಕೇಳಿ: ಕೋಶದಿಂದ ಹೊರಬಂದು ಎಷ್ಟು ದಿನವಾಯಿತು, ಜೋಡಿಯಾಗಿವೆಯೇ, ಡಬ್ಬಿಯಲ್ಲಿ ಏನು ಉಣಿಸಿದ್ದೀರಿ. ಪ್ರಯಾಣ ಎರಡು ದಿನ ಮೀರಬಾರದು, ಡಬ್ಬಿಯನ್ನು ಕಾರಿನ ಬಿಸಿಲಲ್ಲಿ ಇಡಬಾರದು, ಫ್ರಿಜ್ಜಿಗೂ ಹಾಕಬಾರದು. ಬಂದ ಕೂಡಲೇ ಬಿಳಿ ಕಾಗದದ ಮೇಲೆ ಹತ್ತಿಪ್ಪತ್ತು ದುಂಬಿ ಸುರಿದು ಮುಂಗಾಲು ನೋಡಿ. ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪು ಮುಂಗಾಲಿನವು ಇರಬೇಕು. ಬಹುಪಾಲು ಹಳದಿ ಮುಂಗಾಲಿನವೇ ಆಗಿದ್ದರೆ ಡಬ್ಬಿ ವಾಪಸ್ ಕೊಡಿ.